ಟೈಮಿಂಗ್ ಬೆಲ್ಟ್‌ನ ದಾಖಲೆ ನೋಡದೆ ಕಾರು ಮಾರಿದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ,
ಬಳಸಿದ ಕಾರುಗಳ ಮಾರಾಟ ಮಳಿಗೆ, ಬೆಂಗಳೂರು

ವಿಷಯ: ಎಂಜಿನ್ ದುರಸ್ತಿಯ ವೆಚ್ಚ ಭರಿಸುವ ಕುರಿತು

ಮಾನ್ಯರೇ,

ಕಳೆದ ಮಾರ್ಚ್‌ನಲ್ಲಿ ನಿಮ್ಮಿಂದ ಕೊಂಡ 2016ರ ಡೀಸೆಲ್ ಕಾರಿನ ಟೈಮಿಂಗ್ ಬೆಲ್ಟ್, ಅಂದರೆ ಎಂಜಿನ್‌ನ ಪಿಸ್ಟನ್ ಮತ್ತು ವಾಲ್ವ್‌ಗಳ ಚಲನೆಯನ್ನು ಹೊಂದಿಸುವ ರಬ್ಬರ್ ಪಟ್ಟಿ, ಶಿರಾಡಿ ಘಾಟಿಯ ಏರಿನಲ್ಲಿ ತುಂಡಾಯಿತು. ಎಚ್ಚರಿಕೆಯ ದೀಪ ಹೊತ್ತಲಿಲ್ಲ, ಸದ್ದು ಬದಲಾಗಲಿಲ್ಲ. ಎಂಜಿನ್ ಒಮ್ಮೆಲೇ ನಿಂತು ಸ್ಟೀರಿಂಗ್ ಬಿಗಿಯಾಯಿತು. ಬೆನ್ನಿಗೆ ಸರಕು ಲಾರಿಗಳ ಸಾಲು, ಕಾರಿನೊಳಗೆ ನನ್ನ ತಾಯಿ ಮತ್ತು ಮಗಳು. ಜೀವ ಉಳಿದದ್ದು ಹಿಂದಿನ ಲಾರಿ ಚಾಲಕರ ಸಮಯಪ್ರಜ್ಞೆಯಿಂದ.

ಹಾಸನದ ಮೆಕ್ಯಾನಿಕ್ ಎಂಜಿನ್‌ನ ಮೇಲ್ಭಾಗವಾದ ಹೆಡ್ ಬಿಚ್ಚಿ ತೋರಿಸಿದರು: ಪಿಸ್ಟನ್‌ಗಳ ಹೊಡೆತಕ್ಕೆ ವಾಲ್ವ್‌ಗಳು (ಗಾಳಿ ಒಳಬಿಟ್ಟು ಹೊಗೆ ಹೊರಬಿಡುವ ಕವಾಟಗಳು) ಬಾಗಿದ್ದವು. ತೆರೆದ ವಾಲ್ವ್‌ಗೆ ಪಿಸ್ಟನ್ ತಾಗುವಷ್ಟು ಹತ್ತಿರವಿರುವ ಇಂಥ ಎಂಜಿನ್‌ನಲ್ಲಿ ಬೆಲ್ಟ್ ಹರಿದರೆ ಆಗುವುದೇ ಅದು. ಆ ಬೆಲ್ಟ್ ಕಾರ್ಖಾನೆಯಲ್ಲಿ ಹಾಕಿದ್ದೇ ಇರಬೇಕೆಂದು ಅವರ ಅಂದಾಜು.

ನಿಮ್ಮ ತಪಾಸಣಾ ವರದಿ ನನ್ನ ಬಳಿ ಇದೆ. ಬಾಗಿಲಿನ ಗೀರು, ಸೀಟಿನ ಕವರ್, ಸ್ಪೀಕರ್ ಎಲ್ಲಕ್ಕೂ ಅದರಲ್ಲಿ ಜಾಗವಿದೆ. ಎಂಜಿನ್‌ಗೆ ಸಿಕ್ಕಿರುವುದು 'ಉತ್ತಮ' ಎಂಬ ಒಂದೇ ಪದ. ಯಾವ ಆಧಾರದ ಮೇಲೆ ಹಾಗೆ ಬರೆದಿರಿ? ಸ್ಟಾರ್ಟ್ ಮಾಡಿ ಕಿವಿಗೊಟ್ಟರೆ ಕವಚದೊಳಗಿನ ಬೆಲ್ಟ್‌ನ ವಯಸ್ಸು ತಿಳಿಯುವುದಿಲ್ಲ. ಕಣ್ಣಿಗೆ ಚೆನ್ನಾಗಿಯೇ ಕಂಡರೂ ರಬ್ಬರ್ ಒಳಗೊಳಗೇ ಸೋತಿರಬಹುದು. ಹಿಂದೆ ಯಾವಾಗ, ಎಷ್ಟು ಕಿಲೋಮೀಟರ್‌ಗೆ ಬದಲಿಸಲಾಗಿತ್ತು ಎಂಬ ಸರ್ವಿಸ್ ದಾಖಲೆಯೇ ಇಲ್ಲಿ ಆಧಾರ. ಆ ದಾಖಲೆಯನ್ನು ಕೇಳಿದಾಗ ನಿಮ್ಮ ಮಾರಾಟ ಪ್ರತಿನಿಧಿ, "ಕಾರು ಹೆಚ್ಚು ಓಡಿಲ್ಲ ಸರ್, ಚಿಂತೆ ಬೇಡ" ಎಂದರು. ಕಾರಿನ ಕೈಪಿಡಿ ಬೆಲ್ಟ್‌ಗೆ ಕಿಲೋಮೀಟರ್ ಮಿತಿಯ ಜೊತೆಗೆ ವರ್ಷಗಳ ಮಿತಿಯನ್ನೂ ಹೇಳುತ್ತದೆ; ಯಾವುದು ಮೊದಲು ಬರುತ್ತದೋ ಅದು ಅನ್ವಯ. ನಿಂತ ಕಾರಿನಲ್ಲೂ ರಬ್ಬರ್ ಹಳತಾಗುತ್ತದೆ. ಈ ವ್ಯಾಪಾರದಲ್ಲೇ ಇರುವ ನಿಮಗೆ ಅದು ಗೊತ್ತಿರಲೇಬೇಕು.

ಬೆಲ್ಟ್ ಸವೆಯುವ ಭಾಗ, ವಾರಂಟಿಗೆ ಬರುವುದಿಲ್ಲ ಎಂಬ ನಿಮ್ಮ ಉತ್ತರವನ್ನು ನಾನು ಒಪ್ಪುವುದಿಲ್ಲ. ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್, ವಾಟರ್ ಪಂಪ್‌ಗಳ ಬೆಲೆಯನ್ನು ನಾನು ಕೇಳುತ್ತಲೂ ಇಲ್ಲ. ವಾಲ್ವ್‌ಗಳು ಸವೆದು ಹೋದದ್ದಲ್ಲ. ನೀವು 'ಉತ್ತಮ' ಎಂದು ಬರೆದುಕೊಟ್ಟ ಎಂಜಿನ್‌ನೊಳಗೆ ಹೊಡೆತ ತಿಂದು ಬಾಗಿದವು. ಹೆಡ್ ಕೆಲಸ, ವಾಲ್ವ್ ಮತ್ತು ಕಾರನ್ನು ಎಳೆದು ತಂದ ಬಾಡಿಗೆ ಸೇರಿ 68,400 ರೂಪಾಯಿಯನ್ನು ನೀವು ಭರಿಸಬೇಕು. ಬಿಲ್ಲುಗಳು ಮತ್ತು ಹರಿದ ಬೆಲ್ಟ್‌ನ ಫೋಟೋ ಲಗತ್ತಿಸಿದ್ದೇನೆ.

ಹಣಕ್ಕಿಂತ ನನಗೆ ಮುಖ್ಯವಾದ ಇನ್ನೊಂದು ಬೇಡಿಕೆ ಇದೆ. ಟೈಮಿಂಗ್ ಬೆಲ್ಟ್ ಇರುವ ಕಾರನ್ನು ಬೆಲ್ಟ್ ಬದಲಿಸಿದ ದಾಖಲೆ ಇಲ್ಲದೆ ಮಾರಬೇಡಿ. ದಾಖಲೆ ಇಲ್ಲವೆಂದರೆ ಹೊಸದನ್ನು ಹಾಕಿಸಿಯೇ ಕೊಡಿ. ಈಗಾಗಲೇ ಅಂಥ ಕಾರುಗಳನ್ನು ನಿಮ್ಮಿಂದ ಒಯ್ದವರ ಫೋನ್ ಸಂಖ್ಯೆಗಳು ನಿಮ್ಮಲ್ಲೇ ಇವೆ. ಅವರಿಗೆಲ್ಲ ಈ ವಾರವೇ ಕರೆ ಮಾಡಿ ತಿಳಿಸಿ.

15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಹಾಸನದ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ಸಲ್ಲಿಸುತ್ತೇನೆ. ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು ಆ ಕಾಯ್ದೆ ನನಗೆ ಅವಕಾಶ ಕೊಟ್ಟಿದೆ.

ಇಂತಿ,
ನಿಮ್ಮ ಗ್ರಾಹಕ
ಹಾಸನ