ಭಾನುವಾರದ ಶೂಟಿಂಗ್: ಮೊದಲು ಮೋಡ, ಆಮೇಲೆ ಹಸಿರು ಪರದೆ

ಎಲ್ಲರಿಗೂ ನಮಸ್ಕಾರ. ನಮ್ಮ ಕಿರುಚಿತ್ರದ ಎಫೆಕ್ಟ್ಸ್ ಶಾಟ್‌ಗಳು ಈ ಭಾನುವಾರ ಬೆಳಿಗ್ಗೆ 8ಕ್ಕೆ, ಹಾಸ್ಟೆಲ್ ಹಿಂದಿನ ಶೆಡ್ಡಿನಲ್ಲಿ. ಕ್ಯಾಮೆರಾ, ಲೈಟ್, ಆರ್ಟ್ ತಂಡದವರು 7ಕ್ಕೇ ಬನ್ನಿ. ಎಡಿಟಿಂಗ್‌ನವರು ಮಧ್ಯಾಹ್ನ ಬಂದರೆ ಸಾಕು.

ಮೊದಲು ಮೋಡದ ಶಾಟ್. ಮೀನಿನ ತೊಟ್ಟಿಯಲ್ಲಿ ಅರ್ಧದವರೆಗೆ ಉಪ್ಪುನೀರು (ಉಪ್ಪು ಜಾಸ್ತಿಯೇ ಇರಲಿ). ಅದರ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ, ನಿಧಾನಕ್ಕೆ ಸಿಹಿನೀರು ಸುರಿಯಬೇಕು. ಹಾಳೆಯನ್ನು ಮೆಲ್ಲಗೆ ಎಳೆದುಕೊಂಡು ಸಿರಿಂಜಿನಿಂದ ಹಾಲು ಬಿಟ್ಟರೆ, ಎರಡು ನೀರು ಸೇರುವ ಕಡೆ ಅದು ಮಳೆಮೋಡದ ಹಾಗೆ ಹರಡಿಕೊಳ್ಳುತ್ತದೆ. ತೊಟ್ಟಿಯನ್ನು ಯಾರೂ ಅಲುಗಾಡಿಸಬೇಡಿ, ಪ್ಲೀಸ್! ನೀರು ಬೆರೆತರೆ ಮತ್ತೆ ಮೊದಲಿಂದ ಶುರು. ಸೆಕೆಂಡಿಗೆ 120 ಫ್ರೇಮ್‌ನಲ್ಲಿ ತೆಗೆದು 24ರಲ್ಲಿ ಓಡಿಸುತ್ತೇವೆ, ಅಂದರೆ ಐದು ಪಟ್ಟು ನಿಧಾನ.

ಆಮೇಲೆ ಹಸಿರು ಪರದೆ (ಎಡಿಟಿಂಗ್‌ನಲ್ಲಿ ಹಸಿರನ್ನೆಲ್ಲ ತೆಗೆದು ಬೇರೆ ಹಿನ್ನೆಲೆ ಕೂರಿಸುತ್ತೇವೆ). ಬಟ್ಟೆಗೆ ಇಸ್ತ್ರಿ ಆಗಿರಲೇಬೇಕು. ಸುಕ್ಕಿನ ನೆರಳು ಬಿದ್ದರೆ ಎಡಿಟಿಂಗ್‌ನವರ ಶಾಪ ತಪ್ಪಿದ್ದಲ್ಲ. ನಟಿಸುವವರು ಹಸಿರು ಹಾಕಬೇಡಿ, ಗಿಳಿಹಸಿರು ದುಪಟ್ಟಾ ಕೂಡ ಬೇಡ. ಪರದೆಯಿಂದ ಆರಡಿ ಮುಂದೆ ನಿಲ್ಲಿ, ಇಲ್ಲದಿದ್ದರೆ ಕೆನ್ನೆಗೆಲ್ಲ ಹಸಿರು ಹೊಡೆಯುತ್ತದೆ.

ಬೇಕಾದದ್ದು: ಉಪ್ಪು 2 ಕೆಜಿ, ಅರ್ಧ ಲೀಟರ್ ಹಾಲು, ದೊಡ್ಡ ಸಿರಿಂಜ್, ಬಟ್ಟೆ ಕ್ಲಿಪ್‌ಗಳು. ಯಾರು ಏನು ತರುತ್ತೀರಿ ಅಂತ ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಬರೆಯಿರಿ. ಸುಮ್ನೆ ಹೆಬ್ಬೆಟ್ಟು ಒತ್ತಿದರೆ ಲೆಕ್ಕಕ್ಕಿಲ್ಲ.