ಹಾಡಿಗೆ ಜ್ವರ ಇಳಿಯೋದಾದರೆ

ಪ್ರೀತಿಯ ಪುಟ್ಟಿ,

ಭಾನುವಾರ ನಿನ್ನ ಸಿನಿಮಾ ಸ್ಕ್ರಿಪ್ಟ್ ಬಗ್ಗೆ ಮಾತಾಡುತ್ತಿದ್ದಾಗ ನೀನು ಮಧ್ಯದಲ್ಲೇ ಫೋನ್ ಇಟ್ಟುಬಿಟ್ಟೆ. ಆಮೇಲೆ ನೀನೂ ಮಾಡಲಿಲ್ಲ, ನಾನೂ ಮಾಡಲಿಲ್ಲ. "ಒಂದು ಸಿನಿಮಾ ಕಥೆಗೆ ಅಮ್ಮ ಮಗಳು ಇಷ್ಟು ಜಗಳ ಆಡ್ತೀರಲ್ಲ" ಅಂತ ಅಪ್ಪ ಕೇಳಿದರು. ಅದು ಬರೀ ಸಿನಿಮಾ ಕಥೆ ಆಗಿದ್ದರೆ ನಾನು ಇಷ್ಟು ಮಾತಾಡುತ್ತಲೇ ಇರಲಿಲ್ಲ. ಫೋನಿನಲ್ಲಿ ಮತ್ತೆ ಶುರು ಮಾಡಿದರೆ ಅಲ್ಲಿಗೇ ಬಂದು ನಿಲ್ಲುತ್ತೇವೆ, ಅದಕ್ಕೇ ಬರೆಯುತ್ತಿದ್ದೇನೆ. ಸಿಟ್ಟು ಬಂದರೂ ಪೂರ್ತಿ ಓದು.

ಅವತ್ತು ನನ್ನ ದನಿ ಜೋರಾಯಿತು, ಅದಕ್ಕೆ ಬೇಜಾರು ಮಾಡ್ಕೋಬೇಡ. ಹೇಳಿದ್ದನ್ನು ಮಾತ್ರ ವಾಪಸ್ ತಗೊಳ್ಳಲ್ಲ.

ಚೆನ್ನಾಗಿರೋದನ್ನು ಮೊದಲು ಹೇಳುತ್ತೇನೆ, ಅವತ್ತು ಹೇಳೋಕೆ ನೀನು ಬಿಡಲೇ ಇಲ್ಲ. ರಾತ್ರಿ ಅಡಿಕೆ ಸುಲಿಯೋ ಹೆಂಗಸರ ಸೀನ್ ಇದೆಯಲ್ಲ, ಅದನ್ನು ಓದಿ ಸುಮಾರು ಹೊತ್ತು ಹಾಗೇ ಕೂತಿದ್ದೆ. ಮೆಟ್ಟುಗತ್ತಿ ಕಡೆ ಕಣ್ಣೂ ಹಾಯಿಸದೆ ಕೈ ಓಡುತ್ತಿರುತ್ತೆ, ಊರಿನ ಸುದ್ದಿ ಎಲ್ಲ ಬರುತ್ತಿರುತ್ತೆ, "ಆಚೆ ಮನೆ ಹುಡುಗನಿಗೂ ಜ್ವರವಂತೆ" ಅಂತ ಒಬ್ಬಳು ಅಂದ ಕೂಡಲೇ ಎಲ್ಲರ ಕೈಯೂ ನಿಲ್ಲುತ್ತೆ. ಯಾರೂ ಕಿರುಚಲ್ಲ. ಹಿಂದೆ ಮ್ಯೂಸಿಕ್ ಬೇಕು ಅಂತಲೂ ನೀನು ಬರೆದಿಲ್ಲ. ಅದನ್ನು ಬರೆದವಳು ನನ್ನ ಮಗಳು ಅಂತ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಹೆಮ್ಮೆಯಿಂದಲೇ ಹೇಳಿದೆ.

ಆದರೆ ಕೊಡಚಾದ್ರಿಯ ಮೇಲೆ ನೀಲಿ ಬೆಳಕು ಬೀಳುತ್ತೆ, ಅದನ್ನು ಮುಟ್ಟಿದವರಿಗೆಲ್ಲ ಕಾಯಿಲೆ, ಕೊನೆಯಲ್ಲಿ ತಾಯಿ ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಜೋಗುಳ ಹಾಡುತ್ತಾಳೆ, ಬೆಳಕು ಆರುತ್ತೆ, ಜ್ವರ ಇಳಿಯುತ್ತೆ. ಯಾಕೆ ಇಳಿಯಿತು ಅಂತ ಕೇಳಿದರೆ ನೀನು ಅಂದಿದ್ದು, "ಅಮ್ಮಾ, ಇದು ನಿನ್ನ ಹೈಸ್ಕೂಲ್ ಕ್ಲಾಸಲ್ಲ, ಸೈನ್ಸ್ ಫಿಕ್ಷನ್. ಸೈನ್ಸ್ ತಪ್ಪಿದ್ರೂ ಪರವಾಗಿಲ್ಲ, ಮನಸ್ಸಿಗೆ ತಟ್ಟಿದ್ರೆ ಸಾಕು."

ಸೈನ್ಸ್ ತಪ್ಪಬಾರದು ಅಂತ ನಾನು ಯಾವತ್ತು ಹೇಳಿದೆ? ಒಂದು ಸುಳ್ಳಿಗೆ ಅವಕಾಶ ಇರಲೇಬೇಕು, ಇಲ್ಲದಿದ್ದರೆ ಕಥೆಯೇ ಹುಟ್ಟಲ್ಲ. ನಾವಿಬ್ಬರೂ ಕೂತು ನೋಡಿದ 'ದಿ ಮಾರ್ಷಿಯನ್' ಇದೆಯಲ್ಲ, ಅದರಲ್ಲಿ ಮಂಗಳನ ಬಿರುಗಾಳಿಗೆ ರಾಕೆಟ್ಟೇ ವಾಲುತ್ತೆ. ಅಲ್ಲಿನ ಗಾಳಿಯ ಒತ್ತಡ ನಮ್ಮಲ್ಲಿನ ಒತ್ತಡದ ಶೇಕಡಾ 1ರಷ್ಟೂ ಇಲ್ಲ, ಎಷ್ಟು ಜೋರಾಗಿ ಬೀಸಿದರೂ ಆ ಗಾಳಿಗೆ ಅಷ್ಟು ಶಕ್ತಿ ಬರಲ್ಲ. ಇದು ಸಾಧ್ಯವಿಲ್ಲ ಅಂತ ಮೂಲ ಕಾದಂಬರಿ ಬರೆದ ಆಂಡಿ ವೀರ್‌ಗೂ ಗೊತ್ತಿತ್ತು, ಆತನೇ ಒಪ್ಪಿಕೊಂಡಿದ್ದಾನೆ. ಆದರೆ ಆ ಸುಳ್ಳನ್ನು ಶುರುವಿನಲ್ಲೇ ಹೇಳಿ ಮುಗಿಸಿಬಿಟ್ಟ. ಅಲ್ಲಿಂದ ಮುಂದೆ ಎಲ್ಲವೂ ಲೆಕ್ಕ. ಅಲ್ಲಿ ಒಬ್ಬನೇ ಉಳಿದುಹೋದವನು ಬದುಕೋಕೆ ಇಷ್ಟು ಆಲೂಗೆಡ್ಡೆ, ಇಷ್ಟು ನೀರು, ಇಷ್ಟು ದಿನ. ಆ ಗಿಡಗಳು ಸತ್ತಾಗ ನಮ್ಮ ಎದೆ ಧಸಕ್ ಅಂದಿದ್ದು ಯಾಕೆ? ಆ ಲೆಕ್ಕ ಅಷ್ಟರಲ್ಲಿ ನಮಗೂ ಬಾಯಿಪಾಠ ಆಗಿತ್ತು.

'ಇಂಟರ್‌ಸ್ಟೆಲ್ಲರ್' ನೋಡುವಾಗ ನೀನು ಅತ್ತಿದ್ದು ಎಲ್ಲಿ ಅಂತ ನನಗೆ ಚೆನ್ನಾಗಿ ನೆನಪಿದೆ. ಆ ನೀರಿನ ಗ್ರಹದಿಂದ ಅಪ್ಪ ವಾಪಸ್ ಬರುತ್ತಾನೆ, ಅಲ್ಲಿ ಒಂದು ಗಂಟೆ ಅಂದರೆ ಭೂಮಿಯಲ್ಲಿ ಏಳು ವರ್ಷ, ಇಲ್ಲಿ 23 ವರ್ಷ ಕಳೆದುಹೋಗಿದೆ. ಸ್ಕ್ರೀನ್ ಮುಂದೆ ಕೂತು ಮಕ್ಕಳು ಕಳಿಸಿದ ಮಾತುಗಳನ್ನೆಲ್ಲ ಒಂದೇ ಸಮನೆ ನೋಡುತ್ತಾನೆ, ಅವನ ಕಣ್ಣೆದುರೇ ಮಗ ದೊಡ್ಡವನಾಗಿ, ಮದುವೆಯಾಗಿ, ಕೊನೆಗೆ ಅಪ್ಪನಿಗೆ ಮೆಸೇಜ್ ಕಳಿಸೋದನ್ನೇ ಬಿಡುತ್ತಾನೆ. ಅಲ್ಲಿ ನೀನೂ ಅತ್ತೆ, ನಾನೂ ಅತ್ತೆ. ಆ ಅಳು ಬಂದಿದ್ದು ಒಂದು ಲೆಕ್ಕದಿಂದ. ಒಂದು ಗಂಟೆಗೆ ಏಳು ವರ್ಷ ಬೇಕು ಅಂತ ನಿರ್ದೇಶಕ ನೋಲನ್ ಕೇಳಿದಾಗ, ಅದು ಆಗಲ್ಲ ಅಂತಲೇ ಸಿನಿಮಾಕ್ಕೆ ಸಲಹೆ ಕೊಡುತ್ತಿದ್ದ ಭೌತವಿಜ್ಞಾನಿ ಕಿಪ್ ಥಾರ್ನ್ ಮೊದಲು ಅಂದುಕೊಂಡಿದ್ದರು. ಆಮೇಲೆ ಕೂತು ಲೆಕ್ಕ ಹಾಕಿದರು, ಆ ಗ್ರಹದ ಪಕ್ಕದ ಕಪ್ಪುಕುಳಿ ವಿಪರೀತ ವೇಗದಲ್ಲಿ ತಿರುಗುತ್ತಿದ್ದರೆ ಆಗುತ್ತೆ ಅಂತ ಗೊತ್ತಾಯಿತು. ಅದೇ ಥಾರ್ನ್‌ಗೆ 2017ರಲ್ಲಿ ನೊಬೆಲ್ ಬಂತು. ಆ ನಿಯಮ ಅಷ್ಟು ಗಟ್ಟಿಯಾಗಿದ್ದರಿಂದಲೇ ಅಪ್ಪ ಏನು ಮಾಡಿದರೂ ಆ 23 ವರ್ಷ ವಾಪಸ್ ಬರಲ್ಲ. ಪ್ರೀತಿ ಕಾಲವನ್ನೂ ದಾಟುತ್ತೆ ಅನ್ನೋ ಮಾತು ಅದೇ ಸಿನಿಮಾದಲ್ಲಿ ಆಮೇಲೆ ಬರುತ್ತೆ, ನಿನಗೆ ಅದು ಇಷ್ಟ. ನನಗೆ ಅಲ್ಲಿ ಒಂದು ಹನಿಯೂ ಬರಲಿಲ್ಲ.

'ಸೊಲಾರಿಸ್' ಬಗ್ಗೆ ನೀನು ಹೇಳಿದ್ದಕ್ಕೆ ಅವತ್ತು ಉತ್ತರ ಕೊಡಲು ಆಗಿರಲಿಲ್ಲ. 1972ರ ರಷ್ಯನ್ ಸಿನಿಮಾ, ಅದರಲ್ಲಿ ಎಲ್ಲಿದೆ ನಿನ್ನ ಲೆಕ್ಕ ಅಂದೆ. ಮತ್ತೆ ನೋಡಿದೆ, ಮೊನ್ನೆ ರಾತ್ರಿ. ಸತ್ತುಹೋದ ಹೆಂಡತಿ ಗಂಡ ಇರೋ ಬಾಹ್ಯಾಕಾಶ ನಿಲ್ದಾಣದಲ್ಲಿ ಬಂದು ನಿಲ್ಲುತ್ತಾಳೆ. ಉಡುಪು ಬಿಚ್ಚೋಕೆ ಹೋದರೆ ಬಿಚ್ಚೋಕೆ ಬರಲ್ಲ, ಕತ್ತರಿ ತಂದು ಕತ್ತರಿಸಬೇಕಾಗುತ್ತೆ. ಅವಳನ್ನು ಮಾಡಿರೋದು ಅವನ ನೆನಪಿನಿಂದ, ಅವನ ನೆನಪಿನಲ್ಲಿ ಉಡುಪು ಇದೆ, ಅದನ್ನು ಬಿಚ್ಚೋದು ಹೇಗೆ ಅನ್ನೋದು ಇಲ್ಲ, ನಾನು ಅದನ್ನು ಹಾಗೇ ಅರ್ಥ ಮಾಡಿಕೊಂಡೆ. ನೋಡು, ಅಲ್ಲೂ ನಿಯಮ ಇದೆ. ಒಂದು ಸೂತ್ರ ಇಲ್ಲ, ಬೋರ್ಡ್ ಇಲ್ಲ, ಆದರೂ ಒಂದು ಕತ್ತರಿಯಲ್ಲಿ ಅಷ್ಟನ್ನೂ ಹೇಳಿಬಿಟ್ಟಿದ್ದಾರೆ. ನಿನ್ನ ನೀಲಿ ಬೆಳಕಿಗೂ ಅಂಥದ್ದೊಂದು ಬೇಕು ಅಂತಷ್ಟೇ ನಾನು ಹೇಳಿದ್ದು.

ಇನ್ನೊಂದು ಮಾತು. ಜೋಗುಳದ ಸೀನ್ ಓದಿದಾಗ ನನಗೆ ಸಿಟ್ಟು ಬಂದಿದ್ದಕ್ಕೆ ಬೇರೆ ಕಾರಣ ಇದೆ.

ಕೊಟ್ಟಿಗೆ ಹಿಂದಿನ ಹಲಸಿನ ಮರದ ಕೆಳಗೆ ಮಂಗ ಸತ್ತು ಬಿದ್ದಿದ್ದು ನಿನಗೂ ಗೊತ್ತು, ಅಜ್ಜಿ ಎಷ್ಟೋ ಸಲ ಹೇಳಿದ್ದಾರೆ. ನೀನು ಎರಡನೇ ಕ್ಲಾಸು, ಅಲ್ಲೇ ದರಗು, ಅದೇ ಒಣಗಿದ ಎಲೆ, ಗುಡ್ಡೆ ಹಾಕಿಕೊಂಡು ಮನೆಯಾಟ ಆಡುತ್ತಿದ್ದೆ. ಹಂಡೆ ನೀರು, ಸ್ನಾನ, ಬಟ್ಟೆ ಕುದಿಸಿದ್ದು, ಅದೆಲ್ಲ ನಿನಗೆ ನೆನಪಿರುತ್ತೆ, ಬಿಡುತ್ತೇನೆ. ನಿನ್ನ ಕಿವಿಯ ಹಿಂದೆ, ಕೂದಲು ಶುರುವಾಗೋ ಜಾಗದಲ್ಲಿ ಒಂದು ಉಣುಗು ಕಚ್ಚಿಕೊಂಡಿತ್ತು. ಗಸಗಸೆಯಷ್ಟಿತ್ತು. ಬೆರಳಿಗೆ ಸಿಗಲಿಲ್ಲ, ಟಾರ್ಚ್ ಬೆಳಕಿಗೆ ಸ್ವಲ್ಪ ಹೊಳೆಯಿತು. ಚಿಮಟದಲ್ಲಿ ತೆಗೆದೆ. ನಿನಗೆ ಹೇಳಲಿಲ್ಲ, ಅಜ್ಜಿಗೂ ಹೇಳಲಿಲ್ಲ.

ಉಣುಗಿನಿಂದ ಹರಡೋ ಮಂಗನ ಕಾಯಿಲೆ ಇದ್ದರೆ ಕಚ್ಚಿದ ಮೇಲೆ ಸಾಮಾನ್ಯವಾಗಿ 3ರಿಂದ 8 ದಿನದಲ್ಲಿ ಜ್ವರ ಬರುತ್ತೆ. ಅದು ನನಗೆ ಗೊತ್ತಿತ್ತು, ಗೊತ್ತಿದ್ದಿದ್ದೇ ಕಷ್ಟ ಆಯಿತು. ಗೊತ್ತಿಲ್ಲದಿದ್ದರೆ ದೇವರಿಗೆ ಹರಕೆ ಹೊತ್ತು ಮಲಗುತ್ತಿದ್ದೆನೋ ಏನೋ. ರಾತ್ರಿ ಎದ್ದು ನಿನ್ನ ಹಣೆ ಮುಟ್ಟೋದು, ನನ್ನ ಕೈಯೇ ಬಿಸಿ ಇದೆಯೇನೋ ಅಂತ ಥರ್ಮಾಮೀಟರ್ ಇಡೋದು, ಪಾದರಸದ ಗೆರೆ ಸರಿಯಾಗಿ ಕಾಣಲ್ಲ ಅಂತ ದೀಪದ ಹತ್ತಿರ ಹೋಗಿ ತಿರುಗಿಸಿ ತಿರುಗಿಸಿ ನೋಡೋದು. ನೀನು ಕೆಮ್ಮಿದರೆ ಎಣಿಸುತ್ತಿದ್ದೆ. ಊಟ ಬೇಡ ಅಂದರೆ ಎಣಿಸುತ್ತಿದ್ದೆ. ಒಂದು ಸಂಜೆ ಮೂಗಿನಲ್ಲಿ ಸ್ವಲ್ಪ ರಕ್ತ ಬಂತು, ಮೂಗಿನೊಳಗೆ ಬೆರಳು ಹಾಕಿಕೊಂಡಿದ್ದೆ ಅಂತ ನೀನೇ ಹೇಳಿದೆ, ಆದರೂ ಆ ರಾತ್ರಿ ನಾನು ನಿನ್ನ ಪಕ್ಕದಿಂದ ಏಳಲಿಲ್ಲ.

ಹಾಡಿದೆ, ಪುಟ್ಟಿ. ಆ ಎಲ್ಲ ರಾತ್ರಿಗಳಲ್ಲೂ ಹಾಡಿದೆ, ನಿನಗೆ ನಿದ್ದೆ ಬರಲಿ ಅಂತಲೂ, ನನಗೆ ಧೈರ್ಯ ಬರಲಿ ಅಂತಲೂ. ಜ್ವರ ಬರಲಿಲ್ಲ. ಬರದೇ ಇದ್ದದ್ದು ಆ ಉಣುಗಿನಲ್ಲಿ ವೈರಸ್ ಇರಲಿಲ್ಲ ಅಂತಲೋ, ಇದ್ದರೂ ಬೇಗ ತೆಗೆದೆ ಅಂತಲೋ. ಆ ಮಂಗ ಯಾವುದರಿಂದ ಸತ್ತಿತು ಅಂತ ನಮಗೆ ಕೊನೆಗೂ ತಿಳಿಯಲಿಲ್ಲ. ಆದರೆ ಹಾಡಿಗೆ ಅಲ್ಲ. ಹಾಡಿಗೆ ಜ್ವರ ಇಳಿಯೋದಾದರೆ ನಮ್ಮ ತಾಲ್ಲೂಕಿನಲ್ಲಿ ಮಕ್ಕಳನ್ನು ಕಳಕೊಂಡ ತಾಯಂದಿರಿಗೆ ನೀನು ಏನು ಹೇಳುತ್ತೀಯ? ಅವರು ಸರಿಯಾಗಿ ಹಾಡಲಿಲ್ಲ ಅಂತಲಾ? ಈ ಪ್ರಶ್ನೆಯನ್ನೇ ಫೋನಿನಲ್ಲಿ ಕೇಳೋಕೆ ಹೊರಟಿದ್ದೆ, ಬಾಯಿಂದ ಬೇರೇನೋ ಬಂತು.

ಆ ಥರ್ಮಾಮೀಟರ್ ಇದೆಯಲ್ಲ, ಅದು ನಿನ್ನ ಸಿನಿಮಾ. 3ರಿಂದ 8 ದಿನ ಅಂತ ನೋಡುವವರಿಗೆ ಒಂದು ಸಲ ಹೇಳಿಬಿಡು, ಆಮೇಲೆ ಆ ತಾಯಿ ಸುಮ್ನೆ ಪಾತ್ರೆ ತೊಳೆಯುತ್ತಿದ್ದರೂ ಜನ ಉಸಿರು ಬಿಗಿಹಿಡಿದು ನೋಡುತ್ತಾರೆ. ಗ್ರಾಫಿಕ್ಸ್‌ಗೆ ದುಡ್ಡಿಲ್ಲ ಅಂತ ಕೊರಗುತ್ತೀಯಲ್ಲ, 2004ರಲ್ಲಿ ಬಂದ 'ಪ್ರೈಮರ್' ಅನ್ನೋ ಟೈಮ್ ಟ್ರಾವೆಲ್ ಸಿನಿಮಾವನ್ನು ಮೊದಲು ಎಂಜಿನಿಯರ್ ಆಗಿದ್ದವನೊಬ್ಬ ಸುಮಾರು 7,000 ಡಾಲರ್‌ನಲ್ಲಿ ಮಾಡಿದ, ಅದರಲ್ಲಿ ಯಂತ್ರ ಅಂದರೆ ಒಂದು ಡಬ್ಬ ಅಷ್ಟೇ.

ಆಕಾಶದಿಂದಲೇ ಏನಾದರೂ ಬೀಳಬೇಕು ಅಂತ ಯಾಕೆ ಹಟ? ಬಿದ್ದರೆ ತಪ್ಪು ಅಂತಲ್ಲ. ಸತ್ಯಜಿತ್ ರೇ 1967ರಲ್ಲಿ ಬರೆದ, ಸಿನಿಮಾ ಆಗದೇ ಉಳಿದ ಸ್ಕ್ರಿಪ್ಟ್‌ನಲ್ಲೂ ಬಂಗಾಳದ ಹಳ್ಳಿಯ ಕೆರೆಗೆ ಗಗನನೌಕೆ ಬಂದು ಇಳಿಯುತ್ತೆ. ಮುಳುಗಿದ್ದ ದೇವಸ್ಥಾನ ಮೇಲೆ ಬಂತು ಅಂತ ಹಳ್ಳಿಯವರು ಪೂಜೆ ಶುರು ಮಾಡುತ್ತಾರೆ. ಅದು ಸರಿ, ನಮ್ಮೂರಲ್ಲೂ ಹಾಗೇ ಮಾಡುತ್ತಾರೆ. ಆದರೆ ನಿನ್ನ ಕಾಲ ಬುಡದಲ್ಲೇ ಇರೋದನ್ನು ಒಂದು ಸಲ ನೋಡು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯೋಕೆ ಶುರುವಾದವು, ಕಾಡಿಗೆ ಹೋದವರಿಗೆ ಜ್ವರ. ಈ ದೇಶದಲ್ಲಿ ಯಾವತ್ತೂ ಇಲ್ಲದ ಯೆಲ್ಲೋ ಫೀವರ್ ಬಂದುಬಿಟ್ಟಿತೇನೋ ಅಂತ ಮೊದಲು ಹೆದರಿದರು. ಪರೀಕ್ಷೆ ಮಾಡಿದ್ದು ನೀನೀಗ ಓದುತ್ತಿರೋ ಪುಣೆಯಲ್ಲೇ, ಅಲ್ಲಿನ ವೈರಸ್ ಸಂಶೋಧನಾ ಕೇಂದ್ರದಲ್ಲಿ. ಅದು ಹೊಸ ವೈರಸ್, ಅದರ ಹತ್ತಿರದ ನೆಂಟ ಇದ್ದದ್ದು ರಷ್ಯಾದ ಕಾಡುಗಳಲ್ಲಿ. ಅಲ್ಲಿಂದ ಇಲ್ಲಿಗೆ ಹೇಗೆ ಬಂತು? ವಲಸೆ ಹಕ್ಕಿಗಳು ತಂದಿರಬಹುದಾ ಅಂತ 1959ರಿಂದ ಸಲೀಂ ಅಲಿಯವರ ತಂಡ ಹಕ್ಕಿಗಳ ಕಾಲಿಗೆ ಉಂಗುರ ಹಾಕಿ ಬಿಟ್ಟಿತು. ಹಕ್ಕಿಗಳೇ ತಂದವು ಅಂತ ಸಾಬೀತಾಗಲಿಲ್ಲ. ಮಂಗ ಸತ್ತ ಮೇಲೆ ಉಣುಗುಗಳು ಅದರ ಮೈಯಿಂದ ಇಳಿದು ಸುತ್ತಲಿನ ದರಗಿನಲ್ಲಿ ಸೇರಿಕೊಳ್ಳುತ್ತವೆ, ಅದಕ್ಕೇ ಸತ್ತ ಜಾಗದ ಸುತ್ತ ಕೀಟನಾಶಕದ ಪುಡಿ ಹಾಕೋದು. ಇದರಲ್ಲಿ ಎಲ್ಲಾದರೂ ಒಂದು ಕಡೆ ನಿನ್ನ ಒಂದೇ ಒಂದು ಸುಳ್ಳು ಸೇರಿಸು. ಆ ವೈರಸ್ ಜ್ವರದ ಜೊತೆ ಇನ್ನೇನನ್ನೋ ತರುತ್ತೆ ಅನ್ನು, ಸತ್ತವರ ನೆನಪನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತೆ ಅನ್ನು, ನಿನ್ನಿಷ್ಟ. ಆದರೆ ಆಮೇಲೆ ಅದರ ನಿಯಮ ಮುರಿಯಬೇಡ, ತಾಯಿಗೋಸ್ಕರವೂ ಮುರಿಯಬೇಡ.

ಈಗ ಶೂಟಿಂಗ್ ವಿಷಯ. ಮಾರ್ಚ್‌ನಲ್ಲಿ ಅರಳಗೋಡಿನ ಕಡೆ ಕಾಡಿನಲ್ಲಿ ಹತ್ತು ಜನ ಹುಡುಗರನ್ನು ಕರಕೊಂಡು ಹೋಗುತ್ತೇನೆ ಅಂತ ಬರೆದಿದ್ದೀಯ. 2019ರಲ್ಲಿ ಅರಳಗೋಡಿನಲ್ಲಿ ಇದೇ ಕಾಯಿಲೆಗೆ ಜನ ಸತ್ತಿದ್ದು ಮರೆತೆಯಾ? ಡಿಸೆಂಬರ್‌ನಿಂದ ಮೇವರೆಗೆ ಇದರ ಕಾಲ. ಮೊದಲು ಕೊಡುತ್ತಿದ್ದ ಲಸಿಕೆಯನ್ನೂ ಈಗ ನಿಲ್ಲಿಸಿದ್ದಾರೆ. ನಿನ್ನ ಜೊತೆ ಬರುವವರಿಗೆ ಉಣುಗು ಅಂದರೆ ಏನು ಅಂತಲೂ ಗೊತ್ತಿರಲ್ಲ, ದರಗಿನ ಮೇಲೆ ಕೂತು ಟೀ ಕುಡಿಯುತ್ತಾರೆ, ಫ್ರೇಮ್ ಚೆನ್ನಾಗಿ ಬರುತ್ತೆ ಅಂತ ಅದರ ಮೇಲೇ ಮಲಗಿ ಕ್ಯಾಮೆರಾ ಇಡುತ್ತಾರೆ. ಹೋಗಲೇಬೇಕಾದರೆ ತುಂಬು ತೋಳಿನ ಅಂಗಿ, ಪ್ಯಾಂಟಿನ ಕೆಳಗಿನ ತುದಿ ಸಾಕ್ಸ್ ಒಳಗೆ, ಕೈಕಾಲಿಗೆ ಉಣುಗು ಹತ್ತದ ಹಾಗೆ ಡೇಪಾ ಎಣ್ಣೆ. ಆರೋಗ್ಯ ಕೇಂದ್ರದಲ್ಲಿ ಕೇಳಿ ಇಸ್ಕೋ, ನಾಚಿಕೆ ಪಡಬೇಡ. ಸಂಜೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆ ಬಿಸಿನೀರಿಗೆ. ಕಿವಿಯ ಹಿಂದೆ, ಮಂಡಿಯ ಹಿಂದೆ, ಕಂಕುಳಲ್ಲಿ ಒಬ್ಬರನ್ನೊಬ್ಬರು ನೋಡಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಶೂಟ್ ಮಾಡೋಕೂ ಹೋಗಬೇಡಿ. ಪುಣೆಗೆ ವಾಪಸ್ ಹೋದ ಮೇಲೆ ಜ್ವರ ಬಂದರೆ ಮಲೆನಾಡಿನ ಕಾಡಿನಲ್ಲಿದ್ದೆ ಅಂತ ಡಾಕ್ಟರಿಗೆ ನೀನಾಗಿಯೇ ಹೇಳಬೇಕು, ಅವರು ಕೇಳಲ್ಲ. ಇದು ಪಾಠ ಅನಿಸಿದರೆ ಅನಿಸಲಿ. ಪಾಠ ಮಾಡೋದೇ ನನ್ನ ಕೆಲಸ.

ಅಕ್ಟೋಬರ್‌ನಲ್ಲಿ ಮಾಡಬಹುದಲ್ವಾ? ಮಳೆ ಅಷ್ಟರಲ್ಲಿ ಕಡಿಮೆ ಆಗಿರುತ್ತೆ, ಕಾಡು ಹಸಿರಾಗಿಯೇ ಇರುತ್ತೆ. ಅಡಿಕೆ ಕೊಯ್ಲೂ ಶುರುವಾಗಿರುತ್ತೆ. ಸುಲಿಯೋ ಸೀನಿಗೆ ಸೆಟ್ ಹಾಕೋದು ಬೇಕಿಲ್ಲ, ನಮ್ಮ ಅಂಗಳದಲ್ಲೇ ನಿಜವಾಗಿ ಸುಲಿಯುತ್ತಿರುತ್ತಾರೆ, ಅವರನ್ನು ಕೇಳೋ ಕೆಲಸ ನನಗೆ ಬಿಡು. ನಿನ್ನ ತಂಡದವರೆಲ್ಲ ಇಲ್ಲೇ ಉಳೀಲಿ, ಊಟ ತಿಂಡಿ ನಾನು ನೋಡಿಕೊಳ್ಳುತ್ತೇನೆ. ಕೊನೆಯ ಸೀನ್ ತಿದ್ದಿದರೆ ಕಳಿಸು. ತಿದ್ದಲ್ಲ ಅಂತ ನಿರ್ಧಾರ ಮಾಡಿದ್ದರೂ ಯಾಕೆ ಅಂತ ಬರೆದು ಕಳಿಸು, ಜಗಳ ಮುಂದುವರಿಸೋಣ. ಈ ಸಲ ಫೋನ್ ಮಾತ್ರ ಇಡಬೇಡ.

ನಿನ್ನ
ಅಮ್ಮ