ತೀರ್ಪುಗಾರರ ಹೆಸರಿನ ಜಾಗ ಖಾಲಿ ಬಿಡಬೇಡಿ

ಮಾನ್ಯರೇ,

ಸೇತುವೆಯೋ ಶಾಲಾ ಕಟ್ಟಡವೋ ಅರ್ಧಕ್ಕೆ ನಿಂತರೆ ಊರಿನವರು ಗುತ್ತಿಗೆದಾರನನ್ನು ಬೈಯುತ್ತಾರೆ, ಗುತ್ತಿಗೆದಾರ ಇಲಾಖೆಯನ್ನು ಬೈಯುತ್ತಾನೆ. ಈ ಜಗಳ ಬಿಡಿಸಲು ಒಪ್ಪಂದದಲ್ಲೇ ಒಬ್ಬ ಅಡ್ಜುಡಿಕೇಟರ್, ಅಂದರೆ ತೀರ್ಪುಗಾರ, ಇರಬೇಕಲ್ಲವೇ ಎಂಬುದು ಆಗ ನೆನಪಾಗುತ್ತದೆ. ಕಡತ ಬಿಚ್ಚಿದರೆ ಎಷ್ಟೋ ಒಪ್ಪಂದಗಳ ‘ಕಾಂಟ್ರಾಕ್ಟ್ ಡೇಟಾ’ (ಆ ಒಪ್ಪಂದದ ನಿರ್ದಿಷ್ಟ ವಿವರಗಳ) ಪುಟದಲ್ಲಿ ಆ ಹೆಸರಿನ ಜಾಗದಲ್ಲಿ ಚುಕ್ಕಿಗಳ ಸಾಲು, ಇಲ್ಲವೇ ‘ನಂತರ ತಿಳಿಸಲಾಗುವುದು’ ಎಂಬ ಒಕ್ಕಣೆ.

ನಿಯಮ ಇಲ್ಲವೆಂದಲ್ಲ. ವಿಶ್ವಬ್ಯಾಂಕಿನ ಸಣ್ಣ ಕಾಮಗಾರಿಗಳ ಮಾದರಿ ಒಪ್ಪಂದದ ಪ್ರಕಾರ, ಟೆಂಡರ್ ಕರೆಯುವಾಗಲೇ ಇಲಾಖೆ ಒಂದು ಹೆಸರು, ಅವರ ಗಂಟೆಯ ಶುಲ್ಕ ಮತ್ತು ಪರಿಚಯಪತ್ರ ಮುಂದಿಡಬೇಕು. ಒಪ್ಪದ ಗುತ್ತಿಗೆದಾರ ಬಿಡ್ಡಿನಲ್ಲೇ ಹಾಗೆಂದು ಬರೆಯಬೇಕು. ಇಬ್ಬರಿಗೂ ಹೊಂದಿಕೆ ಆಗದಿದ್ದರೆ ಒಪ್ಪಂದದಲ್ಲಿ ಹೆಸರಿಸಿದ ನೇಮಕಾಧಿಕಾರಿ ಆರಿಸುತ್ತಾರೆ. ಎಂಜಿನಿಯರ್ ನಿರ್ಧಾರ ಕೈಸೇರಿದ 14 ದಿನದೊಳಗೆ ತಕರಾರನ್ನು ತೀರ್ಪುಗಾರರ ಮುಂದೆ ಒಯ್ಯಬೇಕು. ಅವರು 28 ದಿನದಲ್ಲಿ ಲಿಖಿತ ತೀರ್ಮಾನ ಕೊಡಬೇಕು. ನಂತರದ 28 ದಿನದಲ್ಲಿ ಯಾರೂ ಕಾಯ್ದೆಬದ್ಧ ಮಧ್ಯಸ್ಥಿಕೆ ವಿಚಾರಣೆಗೆ, ಅಂದರೆ ಆರ್ಬಿಟ್ರೇಷನ್‌ಗೆ ಹೋಗದಿದ್ದರೆ ಅದೇ ಅಂತಿಮ. ಖರ್ಚು ಇಬ್ಬರಿಗೂ ಸಮಪಾಲು. ಆದರೆ ಹೆಸರೇ ಇಲ್ಲದ ಮೇಲೆ ಆ 14 ದಿನದಲ್ಲಿ ಅರ್ಜಿ ಕೊಡುವುದು ಯಾರಿಗೆ?

ಹೆಸರು ಮೊದಲೇ ಇರಬೇಕೆನ್ನಲು ಕಾರಣ ತಿಳಿಯಲು ಒಂದು ಕಂದಕ ನೋಡಿದರೆ ಸಾಕು. ನೀರಿನ ಪೈಪಿಗೆಂದು ಅಗೆಯುವಾಗ ಬಿಒಕ್ಯೂನಲ್ಲಿ (ಕೆಲಸದ ಬಾಬ್ತು, ಪ್ರಮಾಣ, ದರಗಳ ಪಟ್ಟಿಯಲ್ಲಿ) ಮಣ್ಣು ಮತ್ತು ಮೆದು ಬಂಡೆ ಎಂದಿದ್ದ ಕಡೆ ಗಟ್ಟಿ ಬಂಡೆ ಸಿಗುತ್ತದೆ. ಅಕ್ಕಪಕ್ಕ ಮನೆಗಳಿರುವುದರಿಂದ ಸಿಡಿಸುವಂತಿಲ್ಲ, ಬ್ರೇಕರ್ ಹಚ್ಚಿ ಒಡೆಯಬೇಕು, ದರ ಬೇರೆಯಾಗುತ್ತದೆ. ಜೂನಿಯರ್ ಎಂಜಿನಿಯರ್ ಎಂ.ಬಿ.ಯಲ್ಲಿ (ಅಳತೆ ಪುಸ್ತಕದಲ್ಲಿ) ಮೆದು ಬಂಡೆ ಎಂದು ಬರೆಯುತ್ತಾರೆ, ಗುತ್ತಿಗೆದಾರ ‘ಆಕ್ಷೇಪಣೆಯೊಂದಿಗೆ’ ಎಂದು ಸಹಿ ಹಾಕುತ್ತಾನೆ. ಒಡೆದ ಕಲ್ಲನ್ನು ರಾಶಿ ಹಾಕಿ ಅಳೆದರೆ ಸಿಪಿಡಬ್ಲ್ಯುಡಿ (ಕೇಂದ್ರ ಲೋಕೋಪಯೋಗಿ ಇಲಾಖೆ) ಕ್ರಮದಂತೆ ಕಲ್ಲುಗಳ ನಡುವಿನ ಸಂದುಗಳಿಗೆಂದು ಶೇ 50 ಕಳೆಯಬೇಕು: 10 ಮೀಟರ್ ಉದ್ದ, 6 ಮೀಟರ್ ಅಗಲ, 1 ಮೀಟರ್ ಎತ್ತರದ ರಾಶಿಗೆ ಬಿಲ್ಲಾಗುವುದು 30 ಘನ ಮೀಟರ್ ಮಾತ್ರ. ವಾರದೊಳಗೆ ಪೈಪ್ ಇಳಿಯುತ್ತದೆ, ಕಂದಕ ಮುಚ್ಚುತ್ತದೆ, ರಾಶಿ ಕರಗುತ್ತದೆ. ವರ್ಷದ ಮೇಲೆ ನೇಮಕವಾಗಿ ಬಂದವರ ಮುಂದೆ ಉಳಿಯುವುದು ಎರಡು ಸಹಿ ಮತ್ತು ಮೊಬೈಲಿನ ಫೋಟೊಗಳು. ಮೊದಲೇ ನೇಮಕಗೊಂಡವರಾದರೆ ಗುಂಡಿ ತೆರೆದಿರುವಾಗಲೇ ಬಂದು, ಇಬ್ಬರ ಎದುರು ಲೆವೆಲ್ ಹಿಡಿಸಿ (ಆಳ ಅಳೆಯಿಸಿ), ಅರ್ಧ ದಿನದಲ್ಲಿ ಮಾತು ಮುಗಿಸಬಲ್ಲರು.

ಇನ್ನು ಅರ್ಹತೆ. ‘ನಿವೃತ್ತ ಮುಖ್ಯ ಎಂಜಿನಿಯರ್’ ಎಂಬ ಒಂದೇ ಸಾಲು ಸಾಲದು. ಸೇವೆಯೆಲ್ಲ ಆಡಳಿತ ವಿಭಾಗದಲ್ಲಿ ಕಳೆದವರಿಗೆ ದರ ವಿಶ್ಲೇಷಣೆ ಮರೆತೇ ಹೋಗಿರಬಹುದು. ಎಂ.ಬಿ. ಚೆಕ್ ಮೆಷರ್‌ಮೆಂಟ್ (ಬರೆದ ಅಳತೆಯ ಮರುಪರಿಶೀಲನೆ) ಮಾಡಿದ್ದಾರೆಯೇ, ಹಿಂಡ್ರೆನ್ಸ್ ರಿಜಿಸ್ಟರ್ (ಕೆಲಸಕ್ಕೆ ಬಂದ ಅಡ್ಡಿಗಳ ದಾಖಲೆ) ಓದಿ ಇಲಾಖೆಯ ವಿಳಂಬ ಎಷ್ಟು ದಿನ, ಗುತ್ತಿಗೆದಾರನದು ಎಷ್ಟು ದಿನ ಎಂದು ಬಿಡಿಸಿದ್ದಾರೆಯೇ, ಕಾರಣ ಸಹಿತ ತೀರ್ಮಾನ ಬರೆದಿದ್ದಾರೆಯೇ ಎಂದು ಕೇಳಬೇಕು. ಒಪ್ಪಂದ ರದ್ದು ಅಥವಾ ಬ್ಯಾಂಕ್ ಗ್ಯಾರಂಟಿ ನಗದೀಕರಣದ ಪ್ರಶ್ನೆಗೆ ನಿವೃತ್ತ ನ್ಯಾಯಾಧೀಶರು ಸರಿಯೇ. ಪೈಲ್ (ನೆಲದಾಳಕ್ಕೆ ಇಳಿಸುವ ಅಡಿಪಾಯದ ಕಂಬ) ಬುಡದ ಪ್ರಶ್ನೆಗೆ ಮಣ್ಣು ಬಲ್ಲ ಎಂಜಿನಿಯರೇ ಬೇಕು. ದೊಡ್ಡ ಕಾಮಗಾರಿಗೆ ಮೂವರ ಮಂಡಳಿ ಒಳ್ಳೆಯದು. ಫಿಡಿಕ್ (ಸಲಹಾ ಎಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟ) ಸಂಸ್ಥೆಯ 2017ರ ಮಾದರಿ ಒಪ್ಪಂದದಲ್ಲಿ ಎರಡೂ ಪಕ್ಷಗಳು ತಲಾ ಒಬ್ಬರನ್ನು ಸೂಚಿಸಿ, ಎದುರಿನವರ ಒಪ್ಪಿಗೆ ಪಡೆದು, ಆ ಇಬ್ಬರು ಸದಸ್ಯರೊಡನೆ ಸಮಾಲೋಚಿಸಿ ಮೂರನೆಯವರನ್ನು ಆರಿಸುತ್ತಾರೆ.

ನಿಷ್ಪಕ್ಷಪಾತದ ವಿಷಯಕ್ಕೆ ಬಂದರೆ, 1996ರ ಆರ್ಬಿಟ್ರೇಷನ್ ಕಾಯ್ದೆಯ ಸೆಕ್ಷನ್ 12(5) ಮತ್ತು ಏಳನೇ ಅನುಸೂಚಿ, 2015ರ ತಿದ್ದುಪಡಿಯ ನಂತರ, ಒಂದು ಪಕ್ಷದ ನೌಕರ, ಸಲಹೆಗಾರ ಅಥವಾ ವ್ಯವಹಾರ ಸಂಬಂಧ ಇರುವವರನ್ನು ಆರ್ಬಿಟ್ರೇಟರ್ ಸ್ಥಾನದಿಂದ ದೂರವಿಡುತ್ತವೆ. ಮೂರು ವರ್ಷದಲ್ಲಿ ಒಂದೇ ಪಕ್ಷದಿಂದ ಎರಡು ಅಥವಾ ಹೆಚ್ಚು ಬಾರಿ ನೇಮಕಗೊಂಡಿದ್ದರೆ ಐದನೇ ಅನುಸೂಚಿಯಂತೆ ಅದು ಸಂಶಯಕ್ಕೆ ಆಸ್ಪದ, ಮುಚ್ಚಿಡುವಂತಿಲ್ಲ. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಸಾರ್ವಜನಿಕ ಸಂಸ್ಥೆ ತಾನೇ ಮಾಡಿದ ಪಟ್ಟಿಯಿಂದಲೇ ಆರಿಸಿಕೊ ಎಂದು ಗುತ್ತಿಗೆದಾರನನ್ನು ಕಟ್ಟಿಹಾಕುವಂತಿಲ್ಲ ಎಂದಿತು. ಏಕವ್ಯಕ್ತಿ ಆರ್ಬಿಟ್ರೇಟರನ್ನು ಒಂದೇ ಕಡೆಯವರು ನೇಮಿಸುವ ಷರತ್ತು ಸಂವಿಧಾನದ ಸಮಾನತೆಯ 14ನೇ ವಿಧಿಗೆ ವಿರುದ್ಧ ಎಂದೂ ಹೇಳಿತು. ಈ ಮಾತು ಆರ್ಬಿಟ್ರೇಟರಿಗೆ. ಅಡ್ಜುಡಿಕೇಟರಿಗೆ ಕಾಯ್ದೆ ನೇರವಾಗಿ ಅನ್ವಯಿಸದು. ಆದರೂ ಅಳತೆಗೋಲು ಅದೇ ಆಗಿರಲಿ. ಕಾಮಗಾರಿ ಮಾಡಿಸುವ ಇಲಾಖೆಯ ಅಧಿಕಾರಿಯೇ ನೇಮಕಾಧಿಕಾರಿಯಾದರೆ ಬಾಗಿಲು ಮುಚ್ಚಿ ಕಿಟಕಿ ತೆರೆದಂತೆ.

ತೀರ್ಪುಗಾರರಿಗೆ ಕೊಡುವ ಹಣ ದಂಡ ಎಂದು ಗೊಣಗುವ ಅಧಿಕಾರಿಗಳು ಒಮ್ಮೆ ಲೆಕ್ಕ ಹಾಕಲಿ. 40 ಲಕ್ಷ ರೂಪಾಯಿಯ ತಕರಾರು ಆರ್ಬಿಟ್ರೇಷನ್‌ಗೆ ಹೋದರೆ ಕಾಯ್ದೆಯ ನಾಲ್ಕನೇ ಅನುಸೂಚಿಯಂತೆ ಶುಲ್ಕ 97,500 ರೂಪಾಯಿ, ಜೊತೆಗೆ 20 ಲಕ್ಷದ ಮೇಲಿನ ಮೊತ್ತಕ್ಕೆ ಶೇ 3, ಅಂದರೆ 1,57,500. ಒಬ್ಬರೇ ಆದರೆ ಇನ್ನೂ ಶೇ 25 ಸೇರಿ 1,96,875. ಮೂವರಾದರೆ 4,72,500. ವಕೀಲರ ಖರ್ಚು ಬೇರೆ. ಹೆಸರಿಗೆ ಒಮ್ಮತ ಆಗದಿದ್ದರೆ 30 ದಿನ ಕಾದು ಸೆಕ್ಷನ್ 11ರಡಿ ಹೈಕೋರ್ಟಿಗೆ ಹೋಗಬೇಕು. ವಾದಪತ್ರಗಳಿಗೆ ಆರು ತಿಂಗಳು, ಅವು ಮುಗಿದ ಮೇಲೆ ತೀರ್ಪಿಗೆ ಇನ್ನು 12 ತಿಂಗಳು. ಕೇಂದ್ರ ಹಣಕಾಸು ಸಚಿವಾಲಯವಂತೂ 2024ರ ಜೂನ್‌ನಲ್ಲಿ, ಸರ್ಕಾರಿ ಖರೀದಿ ಒಪ್ಪಂದಗಳಲ್ಲಿ ಆರ್ಬಿಟ್ರೇಷನ್ ಷರತ್ತನ್ನು ಸಾಮಾನ್ಯವಾಗಿ 10 ಕೋಟಿಗಿಂತ ಕಡಿಮೆ ಮೊತ್ತದ ತಕರಾರುಗಳಿಗೆ ಸೀಮಿತಗೊಳಿಸಬಹುದು ಎಂದಿದೆ. ಹೀಗಿರುವಾಗ ಮೊದಲ ಮೆಟ್ಟಿಲನ್ನೇ ಗಟ್ಟಿ ಮಾಡದೆ ಬೇರೆ ದಾರಿ ಎಲ್ಲಿದೆ?

ರಾಜ್ಯದ ಲೋಕೋಪಯೋಗಿ, ಜಲಸಂಪನ್ಮೂಲ ಇಲಾಖೆಗಳು ಮತ್ತು ಪಾಲಿಕೆಗಳು ಇಷ್ಟು ಮಾಡಲಿ: ತೀರ್ಪುಗಾರರ ಲಿಖಿತ ಒಪ್ಪಿಗೆ ಮತ್ತು ‘ಎರಡೂ ಕಡೆಗೆ ಸಂಬಂಧವಿಲ್ಲ’ ಎಂಬ ಘೋಷಣೆ ಲಗತ್ತಿಸದೆ ಕಾರ್ಯಾದೇಶ ಕೊಡಬಾರದು. ಮೂರು ತಿಂಗಳಿಗೊಮ್ಮೆ ಸ್ಥಳ ಭೇಟಿ ಇರಲಿ. ಗಂಟೆ ಲೆಕ್ಕದ ಶುಲ್ಕಕ್ಕೆ ಒಂದು ತಕರಾರಿಗೆ ಇಷ್ಟೇ ಗಂಟೆ ಎಂಬ ಮಿತಿ ಇರಲಿ, ಇಲ್ಲದಿದ್ದರೆ 28 ದಿನದ ಕೆಲಸ ಎಳೆದಾಡುತ್ತದೆ. ತೀರ್ಪುಗಾರರು ರಾಜೀನಾಮೆ ಕೊಟ್ಟರೆ ಅಥವಾ ತೀರಿಕೊಂಡರೆ 30 ದಿನದಲ್ಲಿ ಜಂಟಿಯಾಗಿ ಹೊಸಬರನ್ನು ಆರಿಸಬೇಕು, ಆಗದಿದ್ದರೆ ನೇಮಕಾಧಿಕಾರಿ 14 ದಿನದಲ್ಲಿ ಆರಿಸಬೇಕು ಎಂಬ ಸಾಲು ವಿಶ್ವಬ್ಯಾಂಕ್ ಮಾದರಿಯಲ್ಲಿದೆ. ಟೆಂಡರ್ ದಾಖಲೆ ಅಚ್ಚಿಗೆ ಹೋಗುವಾಗ ಅದನ್ನು ಕತ್ತರಿಸಬೇಡಿ.

– ಒಬ್ಬ ಸಿವಿಲ್ ಎಂಜಿನಿಯರ್, ಧಾರವಾಡ